ಗುತ್ತಿಗೆ ನಾಟಿಯ ಸಾಲುಗಳು

ನಮ್ಮೂರು ಮೂಗೂರಿನ ಗದ್ದೆ ಬಯಲಿಗೆ ನಾಲೆ ನೀರು ಬಂದು, ಒಟ್ಲು ಕಿತ್ತು ನಾಟಿಗೆ ಇಳಿಯುವ ಹೊತ್ತಿಗೆ ಮನೆಮನೆಯಲ್ಲೂ ಒಂದೇ ಚರ್ಚೆ: ಕೂಲಿಗೆ ಕರೆಯುವುದೋ, ಗುತ್ತಿಗೆಗೆ ಕೊಡುವುದೋ? ಕೂಲಿ ಎಂದರೆ ದಿನದ ಲೆಕ್ಕ. ಬೆಳಿಗ್ಗೆ ಬಂದು ಸಂಜೆ ಹೋಗುವ ಹೆಂಗಸರಿಗೆ ಆಳಿಗಿಷ್ಟು ಎಂದು. ಗುತ್ತಿಗೆ ಎಂದರೆ ಎಕರೆ ಲೆಕ್ಕ. ಎಷ್ಟು ಜನ ಬಂದರು, ಎಷ್ಟು ಹೊತ್ತು ಬಗ್ಗಿದರು ಎಂಬುದು ಗದ್ದೆಯವನಿಗೆ ಬೇಡ, ಎಕರೆ ಮುಗಿದರೆ ದುಡ್ಡು. ಗುತ್ತಿಗೆಯಲ್ಲಿ ಕೆಲಸ ಬೇಗ ಮುಗಿಯುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ನಮ್ಮ ಚಿಕ್ಕಪ್ಪ ಪಕ್ಕದವರ ಬದುವಿನ ಮೇಲೆ ನಿಂತು ಒಂದು ಸಲ ಕಣ್ಣು ಹಾಯಿಸಿ ಹೇಳಿಬಿಡುತ್ತಾರೆ: ‘ಇದು ಗುತ್ತಿಗ ನಾಟಿ ಕನಪ್ಪ. ಸಾಲು ನೋಡುದ್ರ ಗೊತ್ತಾಗದಿಲ್ವ?’

ಒಂದು ಬುಡಕ್ಕೂ ಇನ್ನೊಂದು ಬುಡಕ್ಕೂ ನಡುವೆ ಎರಡು ಬೆರಳು ಜಾಸ್ತಿ ಬಿಟ್ಟರೆ ಎಕರೆಗೆ ಸಾವಿರಾರು ಸಲ ಬಗ್ಗುವುದು ತಪ್ಪುತ್ತದೆ. ನೀರು ನಿಂತ ಗದ್ದೆಯಲ್ಲಿ ಆ ದಿನ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ತಿಂಗಳು ಕಳೆದು ಅಂತರದಲ್ಲಿ ಕಳೆ ಎದ್ದಾಗ, ಕೊಯ್ಲಿನಲ್ಲಿ ಚೀಲ ಎಣಿಸುವಾಗ ಕಾಣುತ್ತದೆ. ಅಷ್ಟರಲ್ಲಿ ಗುತ್ತಿಗೆಯ ದುಡ್ಡು ಕೈ ಬದಲಾಗಿ ಎಷ್ಟೋ ದಿನವಾಗಿರುತ್ತದೆ. ಇದರಲ್ಲಿ ನೆಟ್ಟ ಹೆಂಗಸರ ಮೋಸವೇನೂ ಇಲ್ಲ. ಅಳತೆ ಎಕರೆ ಎಂದು ಹೇಳಿದವನು ಗದ್ದೆಯವನು. ಅವರು ಎಕರೆಯನ್ನೇ ಕೊಟ್ಟಿದ್ದಾರೆ.

ಇಪ್ಪತ್ತು ವರ್ಷದಿಂದ ನಾನು ಸಾಫ್ಟ್‌ವೇರ್ ಬರೆದು, ಬರೆಸಿ ಬದುಕುತ್ತಿದ್ದೇನೆ. 2020ರ ಲಾಕ್‌ಡೌನಿನಲ್ಲಿ ಬೆಂಗಳೂರಿನ ಬಾಡಿಗೆ ಮನೆಯಿಂದ ಊರಿಗೆ ಬಂದವನು ಅರ್ಧಕ್ಕರ್ಧ ಇಲ್ಲೇ ಉಳಿದುಕೊಂಡೆ. ನಡುಮನೆಯ ಮೂಲೆಯಲ್ಲಿ ಒಂದು ಮೇಜು, ಕರೆಂಟು ಹೋದರೆ ಇರಲಿ ಎಂದು ಒಂದು ಬ್ಯಾಟರಿ. ಗಿರಾಕಿಗಳು ಅಮೆರಿಕದವರಾದ್ದರಿಂದ ನಮ್ಮ ‘ಸ್ಟ್ಯಾಂಡ್-ಅಪ್’ ನಡೆಯುವುದು ರಾತ್ರಿ ಒಂಬತ್ತೂವರೆಗೆ. ತಂಡದ ಒಬ್ಬೊಬ್ಬರೂ ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೇನೆ, ಏನು ತೊಡಕಿದೆ ಎಂದು ಹೇಳಬೇಕಾದ ಹದಿನೈದು ನಿಮಿಷದ ಸಭೆ. ಮೊದಲ ವಾರವೆಲ್ಲ ಕೇಳಿಸಿಕೊಂಡ ನಮ್ಮವ್ವ ಅದಕ್ಕೊಂದು ಹೆಸರಿಟ್ಟರು. ಊಟಕ್ಕೆ ಕರೆಯುವ ಮುಂಚೆ ಈಗಲೂ ಕೇಳುವುದು ಅದನ್ನೇ: ‘ಹಾಜರಿ ಆಯ್ತ?’

ಅವ್ವನಿಗೆ ಇಂಗ್ಲಿಷ್ ಬರುವುದಿಲ್ಲ. ಆದರೆ ದನಿಯಲ್ಲಿ ಯಾರು ಯಾರಿಗೆ ಹೇಳುತ್ತಿದ್ದಾರೆ ಎಂಬುದು ಗೊತ್ತಾಗುತ್ತದಲ್ಲ. ಜೊತೆಯವನ ಹತ್ತಿರ ಮಾತಾಡುವ ದನಿ ಬೇರೆ, ಸಾಹೇಬರಿಗೆ ಲೆಕ್ಕ ಒಪ್ಪಿಸುವ ದನಿ ಬೇರೆ. ಅಜೈಲ್ ಎಂಬ ಕೆಲಸದ ಪದ್ಧತಿಗೂ ತಂಡದ ಉತ್ಪಾದಕತೆಗೂ ಇರುವ ಸಂಬಂಧದ ಬಗ್ಗೆ ನಾನು ಓದಿರುವುದರಲ್ಲಿ ಬಹುಪಾಲು ಆ ದನಿಯ ವ್ಯತ್ಯಾಸವನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಸಭೆ ಎಷ್ಟು, ಅವಧಿ ಎಷ್ಟು, ಯಾವ ಹಲಗೆಯ ಮೇಲೆ ಯಾವ ಬಣ್ಣದ ಚೀಟಿ ಎಂಬುದರಲ್ಲೇ ಮುಗಿಯುತ್ತದೆ. ಅಳತೆಗೋಲು ಯಾರ ಕೈಯಲ್ಲಿದೆ, ಕೆಲಸದ ಫಲ ಉಣ್ಣುವವನು ಎಷ್ಟು ದೂರದಲ್ಲಿದ್ದಾನೆ ಎಂಬ ಎರಡು ಪ್ರಶ್ನೆಗಳ ಉತ್ತರದ ಮೇಲೆ ಎಲ್ಲವೂ ನಿಂತಿದೆ ಎಂಬುದು ನನ್ನ ವಾದ. ಆ ಎರಡು ಸರಿಯಿದ್ದರೆ ಅಜೈಲ್ ಎಂಬ ಹೆಸರಿಲ್ಲದೆಯೂ ಕೆಲಸ ಆಗುತ್ತದೆ. ಸರಿಯಿಲ್ಲದಿದ್ದರೆ ಹೆಸರು ಮಾತ್ರ ಇರುತ್ತದೆ.

ಈ ಉದ್ಯೋಗದ ಹೊರಗಿನವರಿಗಾಗಿ ಸ್ವಲ್ಪ ವಿವರ. ಅಜೈಲ್ ತಂಡಗಳಲ್ಲಿ ಹೆಚ್ಚಿನವು ಸ್ಕ್ರಮ್ ಎಂಬ ಕ್ರಮ ಅನುಸರಿಸುತ್ತವೆ. ಕೆಲಸವನ್ನು ಸಾಮಾನ್ಯವಾಗಿ ಎರಡು ವಾರದ ಕಂತುಗಳಾಗಿ ಒಡೆಯುತ್ತಾರೆ. ಒಂದು ಕಂತಿಗೆ ಸ್ಪ್ರಿಂಟ್ ಎಂದು ಹೆಸರು. ಕಂತಿನ ಕೊನೆಯಲ್ಲಿ ನಡೆಯುವ ಸ್ಥಿತಿಯಲ್ಲಿರುವ ಒಂದು ತುಣುಕನ್ನು ಗಿರಾಕಿಗೆ ತೋರಿಸಿ, ಅವನು ಹೇಳಿದ್ದನ್ನು ಕೇಳಿ, ಮುಂದಿನ ಕಂತನ್ನು ತಿದ್ದಿಕೊಳ್ಳಬೇಕು. ಆಮೇಲೆ ರೆಟ್ರೊ ಎಂಬ ಸಭೆಯಲ್ಲಿ ತಂಡ ತನ್ನ ಕೆಲಸದ ರೀತಿಯನ್ನೇ ವಿಚಾರಿಸಿಕೊಳ್ಳಬೇಕು. ಒಂದು ಕೆಲಸ ಎಷ್ಟು ದೊಡ್ಡದು ಎಂದು ಅಂದಾಜಿಸುವುದಕ್ಕೆ ಗಂಟೆಗಳ ಬದಲು ‘ಸ್ಟೋರಿ ಪಾಯಿಂಟ್’ ಎಂಬ ಅಂಕ. 1, 2, 3, 5, 8, 13 ಎಂದು ಅಂಕೆ ಬರೆದ ಎಲೆಗಳನ್ನು ಇಸ್ಪೀಟಿನಂತೆ ಹಿಡಿದು, ಎಲ್ಲರೂ ಒಟ್ಟಿಗೆ ಎತ್ತಿ ತೋರಿಸುತ್ತಾರೆ. ಒಬ್ಬ 2 ಎತ್ತಿ ಇನ್ನೊಬ್ಬ 13 ಎತ್ತಿದರೆ ಇಬ್ಬರಲ್ಲಿ ಒಬ್ಬನಿಗೆ ಏನೋ ಗೊತ್ತಿಲ್ಲ ಎಂದರ್ಥ. ಆಗ ಮಾತು ಶುರುವಾಗುತ್ತದೆ. ಆಟದ ಸೊಗಸು ಇರುವುದೇ ಆ ಮಾತಿನಲ್ಲಿ. ಒಂದು ಸ್ಪ್ರಿಂಟಿನಲ್ಲಿ ತಂಡ ಮುಗಿಸಿದ ಅಂಕಗಳ ಮೊತ್ತವೇ ‘ವೆಲಾಸಿಟಿ’. ಮುಂದಿನ ಎರಡು ವಾರಕ್ಕೆ ಎಷ್ಟು ಹೊರಬಹುದು ಎಂದು ತಂಡ ತನಗೆ ತಾನೇ ಹೇಳಿಕೊಳ್ಳಲು ಅಷ್ಟು ಸಾಕು.

ಕೆಲವು ವರ್ಷದ ಹಿಂದೆ ನಾನಿದ್ದ ಒಂದು ಕಂಪನಿಯಲ್ಲಿ ಮೇಲಿನಿಂದ ಸುತ್ತೋಲೆ ಬಂತು: ಪ್ರತಿ ತಂಡವೂ ಮೂರು ತಿಂಗಳಲ್ಲಿ ವೆಲಾಸಿಟಿಯನ್ನು ಶೇಕಡ 20 ಏರಿಸಬೇಕು. ಏರಿತು. ಹೇಗೆಂದು ಹೇಳುತ್ತೇನೆ. ಹಿಂದಿನ ತಿಂಗಳು 3 ಅಂಕದ ಕೆಲಸವಾಗಿದ್ದದ್ದು ಈ ತಿಂಗಳು 5 ಆಯಿತು. ಯಾರೂ ಯಾರಿಗೂ ಹೇಳಿಕೊಡಲಿಲ್ಲ, ಸಂಚು ಮಾಡಲಿಲ್ಲ. ಎಲೆ ಎತ್ತುವಾಗ ಕೈ ತಾನಾಗಿ ಐದರ ಕಡೆ ಹೋಗುತ್ತಿತ್ತು. ನಾನೂ ಐದನ್ನೇ ಎತ್ತಿದವನು. 2 ಮತ್ತು 13ರ ಜಗಳ ನಿಂತುಹೋಯಿತು, ಏಕೆಂದರೆ ಎಲ್ಲರಿಗೂ ಬೇಕಾಗಿದ್ದದ್ದು ದೊಡ್ಡ ಅಂಕ. ಜಗಳ ನಿಂತ ಮೇಲೆ ತಪ್ಪುಗಳು ಗಿರಾಕಿಯ ಕೈ ಸೇರಿದ ಮೇಲಷ್ಟೇ ಹೊರಬೀಳತೊಡಗಿದವು. ಗೋಡೆಯ ಮೇಲಿನ ವೆಲಾಸಿಟಿಯ ಗೆರೆ ಏರುತ್ತಲೇ ಇತ್ತು. ಚಿಕ್ಕಪ್ಪ ನೋಡಿದ್ದರೆ ಬದುವಿನಿಂದಲೇ ಹೇಳಿಬಿಡುತ್ತಿದ್ದರು.

ಒಂದು ಅಳತೆಯನ್ನೇ ಗುರಿ ಮಾಡಿದರೆ ಅದು ಅಳತೆಯಾಗಿ ಉಳಿಯುವುದಿಲ್ಲ ಎಂಬ ಮಾತಿಗೆ ಅರ್ಥಶಾಸ್ತ್ರದಲ್ಲಿ ಗುಡ್‌ಹಾರ್ಟ್ ನಿಯಮ ಎಂದು ಹೆಸರು. ಬ್ರಿಟನ್ನಿನ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣದ ನೀತಿಯ ಬಗ್ಗೆ ಹೇಳಿದ್ದನ್ನು ಮಾನವಶಾಸ್ತ್ರಜ್ಞೆ ಮ್ಯಾರಿಲಿನ್ ಸ್ಟ್ರಾದರ್ನ್ ಈಗ ಎಲ್ಲರೂ ಹೇಳುವ ರೂಪಕ್ಕೆ ತಂದರು. ಸ್ಟೋರಿ ಪಾಯಿಂಟನ್ನು ಬಹುಶಃ ತಾನೇ ಹುಟ್ಟುಹಾಕಿರಬಹುದು ಎನ್ನುವ ರಾನ್ ಜೆಫ್ರೀಸ್, ಹಾಗಿದ್ದರೆ ಅದಕ್ಕಾಗಿ ಈಗ ವಿಷಾದವಿದೆ ಎಂದು ಬರೆದುಕೊಂಡಿದ್ದಾರೆ. ಹುಟ್ಟಿಸಿದವನೇ ವಿಷಾದಪಟ್ಟ ವಸ್ತುವನ್ನು ನಾವು ಇಂಕ್ರಿಮೆಂಟಿನ ಲೆಕ್ಕಕ್ಕೆ ಬಳಸುತ್ತಿದ್ದೇವೆ.

ಇದನ್ನೆಲ್ಲ ಹೇಳಿ ಹಳೆಯ ಪದ್ಧತಿಯೇ ಚೆನ್ನಾಗಿತ್ತು ಎನ್ನುವ ಉದ್ದೇಶ ನನಗಿಲ್ಲ. ಆದರೆ ಹಳೆಯದನ್ನು ಗೇಲಿ ಮಾಡುವವರು ಅದು ಬೆಂಗಳೂರಿಗೆ ಏಕೆ ಒಗ್ಗಿತ್ತು ಎಂಬುದನ್ನು ನೋಡಬೇಕು. ಮೊದಲು ಎಲ್ಲ ಅಗತ್ಯಗಳನ್ನೂ ಬರೆದುಕೊಂಡು, ಆಮೇಲೆ ವಿನ್ಯಾಸ, ಆಮೇಲೆ ಕೋಡ್, ಕೊನೆಗೆ ಪರೀಕ್ಷೆ ಎಂದು ಮೆಟ್ಟಿಲಿಳಿಯುವ ‘ವಾಟರ್‌ಫಾಲ್’ ಕ್ರಮವನ್ನು 1970ರಲ್ಲಿ ಚಿತ್ರ ಬರೆದು ತೋರಿಸಿದ ವಿನ್‌ಸ್ಟನ್ ರಾಯ್ಸ್, ಅದೇ ಪ್ರಬಂಧದಲ್ಲಿ ಇದು ಅಪಾಯಕಾರಿ ಎಂದೂ ಹೇಳಿದ್ದರು. ಚಿತ್ರ ಉಳಿಯಿತು, ಎಚ್ಚರಿಕೆ ಹೋಯಿತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದ ಕಾಲದಲ್ಲಿ ಸಾಗರದಾಚೆಯ ಗಿರಾಕಿಗೆ ಇಲ್ಲಿ ಕೂತು ಕೆಲಸ ಮಾಡುವವರ ಮುಖ ಗೊತ್ತಿರಲಿಲ್ಲ. ಮುಖ ಗೊತ್ತಿಲ್ಲದವರ ನಡುವೆ ನಂಬಿಕೆ ಹುಟ್ಟಬೇಕಾದರೆ ಕಾಗದ ಬೇಕು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಸ್ಥೆಯೊಂದು ವಾಟ್ಸ್ ಹಂಫ್ರಿ ಅವರ ನೇತೃತ್ವದಲ್ಲಿ ಸಾಫ್ಟ್‌ವೇರ್ ಕಂಪನಿಗಳ ಕಾರ್ಯವಿಧಾನಕ್ಕೆ ಐದು ಮೆಟ್ಟಿಲಿನ ಅಳತೆ ಮಾಡಿತ್ತು. ಅದರ ಐದನೆಯ ಮೆಟ್ಟಿಲನ್ನು ಜಗತ್ತಿನಲ್ಲಿ ಮೊದಮೊದಲು ಏರಿದವರಲ್ಲಿ ಬೆಂಗಳೂರಿನ ಮೊಟೊರೋಲಾ ಘಟಕವೂ ಒಂದು, ಅದೂ 1990ರ ದಶಕದ ಮೊದಲರ್ಧದಲ್ಲೇ. ಪಟ್ಟಿ, ಷರಾ, ಸಹಿ, ನಕಲು — ತಾಲ್ಲೂಕು ಕಚೇರಿಯ ಸಂಸ್ಕೃತಿ ನಮಗೆ ಹೊಸದೇನಲ್ಲವಲ್ಲ! ನಾನು ಕೆಲಸಕ್ಕೆ ಸೇರಿದಾಗ ಹತ್ತು ಸಾಲಿನ ಕೋಡಿಗೆ ಹನ್ನೆರಡು ಪುಟದ ದಾಖಲೆ ಬರೆದಿದ್ದೇನೆ. ಆ ದಾಖಲೆಗಳೇ ಮೈಸೂರು, ಹಾಸನ, ಮಂಡ್ಯದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿದ ಹಳ್ಳಿ ಹುಡುಗರಿಗೆ ದೊಡ್ಡ ಕಂಪನಿಗಳ ಬಾಗಿಲು ತೆರೆದವು ಎಂಬುದನ್ನು ಮರೆಯಬಾರದು. ಇಂಗ್ಲಿಷ್ ಮಾತಿಗೆ ತಡವರಿಸುವವನೂ ನಮೂನೆ ತುಂಬಬಲ್ಲ. ಮೂಗೂರಿನ ಸರ್ಕಾರಿ ಶಾಲೆಯಲ್ಲಿ ಓದಿದ ನಾನು ಹಾಗೆ ತುಂಬುತ್ತಲೇ ಕಲಿತವನು.

2001ರ ಫೆಬ್ರುವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್ ಎಂಬ ಹಿಮದ ಬೆಟ್ಟದಲ್ಲಿ ಹದಿನೇಳು ಜನ ಸೇರಿ ಅಜೈಲ್ ಪ್ರಣಾಳಿಕೆ ಬರೆದರು. ನಾಲ್ಕು ಮೌಲ್ಯ, ಹನ್ನೆರಡು ಸೂತ್ರ. ದಾಖಲೆಗಿಂತ ನಡೆಯುವ ಸಾಫ್ಟ್‌ವೇರ್ ಮುಖ್ಯ, ಕರಾರಿಗಿಂತ ಗಿರಾಕಿಯ ಸಹಯೋಗ ಮುಖ್ಯ ಎಂಬ ಧಾಟಿ. ಬರೆದವರೆಲ್ಲ ಸ್ವತಃ ಕೋಡ್ ಬರೆದವರು, ಇಲ್ಲವೇ ಬರೆಯುವವರ ಜೊತೆ ಕೂತು ದುಡಿದವರು. ಅದು ಒಂದು ಬಗೆಯಲ್ಲಿ ಆಳುಗಳೇ ಬರೆದ ಕಾಗದ. ಕೆಲಸ ಮಾಡುವವರನ್ನು ನಂಬಿ, ಹೇಗೆ ಮಾಡಬೇಕೆಂಬುದನ್ನು ಅವರಿಗೇ ಬಿಡಿ ಎಂದು ಕೇಳಿದ ಅರ್ಜಿ. ಆ ಅರ್ಜಿ ಮೇಲಿನ ಮಹಡಿಗೆ ಹೋಗಿ, ಕೆಲವು ವರ್ಷದ ನಂತರ ಸುತ್ತೋಲೆಯಾಗಿ ಕೆಳಗಿಳಿದು ಬಂತು. ‘ಈ ತಿಂಗಳಿಂದ ಎಲ್ಲರೂ ಸ್ವಯಂ ನಿರ್ಧಾರ ಮಾಡತಕ್ಕದ್ದು’ ಎಂಬ ಆದೇಶ ಕೇಳಿದರೆ ನಗು ಬರಬೇಕು. ನಮ್ಮಲ್ಲಿ ಯಾರೂ ನಗಲಿಲ್ಲ.

ಈ ಕಥೆಗೆ ನಮ್ಮ ಊರ ಸೀಮೆಯಲ್ಲೇ ಒಂದು ಕೊಂಡಿಯಿದೆ. ಸ್ಕ್ರಮ್ ಎಂಬ ಹೆಸರು ರಗ್ಬಿ ಆಟದ್ದು. ಅದನ್ನು ಕೆಲಸದ ತಂಡಕ್ಕೆ ಮೊದಲು ಹೊಂದಿಸಿದ್ದು ತಾಕೆಯುಚಿ ಮತ್ತು ನೊನಾಕಾ ಎಂಬ ಇಬ್ಬರು ಜಪಾನಿ ವಿದ್ವಾಂಸರು. 1986ರ ಅವರ ಲೇಖನಕ್ಕೆ ಆಧಾರ ಹೊಂಡಾ, ಕ್ಯಾನನ್, ಫ್ಯೂಜಿ-ಜೆರಾಕ್ಸ್‌ನಂಥ ಕಾರ್ಖಾನೆಗಳು. ಕೆನ್ ಶ್ವೇಬರ್ ಮತ್ತು ಜೆಫ್ ಸದರ್‌ಲ್ಯಾಂಡ್ 1995ರಲ್ಲಿ ಅದನ್ನು ಸಾಫ್ಟ್‌ವೇರಿಗೆ ತಂದರು. ಜಪಾನಿನ ಕಾರ್ಖಾನೆಗಳ ಹಿಂದೆ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಎಡ್ವರ್ಡ್ಸ್ ಡೆಮಿಂಗ್ ಅವರ ಪಾಠವಿತ್ತು. ಅವರ ಹೆಸರಿನಲ್ಲಿ ಜಪಾನ್ ಕೊಡುವ ಡೆಮಿಂಗ್ ಪ್ರಶಸ್ತಿ 2002ರಲ್ಲಿ ಟಿವಿಎಸ್ ಮೋಟಾರ್ ಕಂಪನಿಗೆ ಬಂತು. ಅದರ ಒಂದು ಕಾರ್ಖಾನೆ ಇರುವುದು ಮೈಸೂರಿನಿಂದ ನಂಜನಗೂಡಿಗೆ ಹೋಗುವ ದಾರಿಯ ಕಡಕೊಳದ ಬಳಿ. ನಂಜನಗೂಡು, ನರಸೀಪುರದ ಕಡೆಯ ಎಷ್ಟೋ ಮನೆಯ ಹುಡುಗರು ಐಟಿಐ ಮುಗಿಸಿ ಆ ದಾರಿಯ ಕಾರ್ಖಾನೆಗಳಿಗೆ ಹೋಗುತ್ತಾರೆ. ನಾನು ಬೆಂಗಳೂರಿನ ಗಾಜಿನ ಕಟ್ಟಡದಲ್ಲಿ ದುಬಾರಿ ತರಬೇತುದಾರರಿಂದ ಎರಡು ದಿನ ಕೇಳಿಸಿಕೊಂಡ ವಿಚಾರದ ಬೇರು, ಸಮವಸ್ತ್ರ ತೊಟ್ಟು ಶಿಫ್ಟಿಗೆ ಬಸ್ಸು ಹತ್ತುವ ಹುಡುಗರ ಕೆಲಸದ ನೆಲದಲ್ಲಿತ್ತು.

ಡೆಮಿಂಗ್ ತಮ್ಮ ತರಗತಿಗಳಲ್ಲಿ ಒಂದು ಮಣಿಯಾಟ ಆಡಿಸುತ್ತಿದ್ದರು. ಪೆಟ್ಟಿಗೆಯಲ್ಲಿ ನಾಲ್ಕು ಸಾವಿರ ಮಣಿ, ಅದರಲ್ಲಿ ಎಂಟುನೂರು ಕೆಂಪು, ಉಳಿದವು ಬಿಳಿ. ಐವತ್ತು ತೂತಿನ ಒಂದು ಹಲಗೆಯನ್ನು ಪೆಟ್ಟಿಗೆಯಲ್ಲಿ ಅದ್ದಿ ಎತ್ತಬೇಕು, ಗಿರಾಕಿಗೆ ಬಿಳಿ ಮಣಿ ಮಾತ್ರ ಬೇಕು. ಸಭಿಕರಲ್ಲೇ ಕೆಲವರು ‘ಕಾರ್ಮಿಕರು’. ಕೆಂಪು ಕಡಿಮೆ ಬಂದವನಿಗೆ ಡೆಮಿಂಗ್ ಶಾಭಾಸ್ ಎನ್ನುವರು, ಜಾಸ್ತಿ ಬಂದವನನ್ನು ಬೈಯುವರು, ಕೊನೆಗೆ ಕೆಲವರನ್ನು ಮನೆಗೆ ಕಳಿಸುವರು. ಎಲ್ಲರೂ ನಗುತ್ತಿದ್ದರು, ಏಕೆಂದರೆ ಕೆಂಪು ಮಣಿ ಇದ್ದದ್ದು ಪೆಟ್ಟಿಗೆಯಲ್ಲಿ. ಪೆಟ್ಟಿಗೆಯನ್ನು ತುಂಬಿದವನು ಯಜಮಾನ. ಸಂಖ್ಯೆಯ ಕೋಟಾಗಳನ್ನು ತೆಗೆದುಹಾಕಿ, ಕೆಲಸದ ಜಾಗದಿಂದ ಭಯವನ್ನು ಓಡಿಸಿ ಎಂಬುದು ಅವರ ಹದಿನಾಲ್ಕು ಅಂಶಗಳಲ್ಲಿ ಸೇರಿದೆ. ಆ ಪರಂಪರೆಯ ಹೆಸರು ಹೇಳಿಕೊಂಡೇ ಸಾಫ್ಟ್‌ವೇರ್ ಕಚೇರಿ ಮತ್ತೆ ಕೋಟಾ ತಂದಿತು ಎಂಬುದು ನನಗೆ ಇವತ್ತಿಗೂ ಜೀರ್ಣವಾಗದ ಸಂಗತಿ. ಟೊಯೋಟಾ ಕಾರ್ಖಾನೆಯಲ್ಲಿ ತಪ್ಪು ಕಂಡರೆ ಸಾಮಾನ್ಯ ಕಾರ್ಮಿಕ ಹಗ್ಗ ಎಳೆದು ಇಡೀ ಸಾಲನ್ನು ನಿಲ್ಲಿಸಬಹುದು. ಬಿಡದಿಯಲ್ಲಿ ಕಾರು ಮಾಡುವ ಕಂಪನಿಯ ಪದ್ಧತಿ ಅದು. ಅಲ್ಲಿಂದ ಒಂದು ಗಂಟೆಯ ದಾರಿಯ ಬೆಂಗಳೂರಿನ ಕಚೇರಿಯಲ್ಲಿ, ಇಪ್ಪತ್ಮೂರು ವರ್ಷದ ಟೆಸ್ಟರ್ ಹುಡುಗಿ ಶುಕ್ರವಾರ ಸಂಜೆಯ ಬಿಡುಗಡೆಯನ್ನು ‘ಬೇಡ ಸರ್, ಇನ್ನೂ ಸರಿಯಿಲ್ಲ’ ಎಂದು ನಿಲ್ಲಿಸಬಲ್ಲಳೆ? ನಿಲ್ಲಿಸಿದರೆ ಏಪ್ರಿಲ್‌ನಲ್ಲಿ ಅವಳ ಗ್ರೇಡ್ ಏನಾಗುತ್ತದೆ? ಆ ತಂಡ ಅಜೈಲೋ ಅಲ್ಲವೋ ಎಂದು ತಿಳಿಯಲು ನಾನು ಮೊದಲು ಕೇಳುವ ಪ್ರಶ್ನೆ ಇದು. ಅವರ ಹಲಗೆಯ ಚೀಟಿಗಳನ್ನು ಆಮೇಲೆ ನೋಡುತ್ತೇನೆ.

ಎರಡನೆಯ ಪ್ರಶ್ನೆ, ದೂರದ್ದು. ಇದಕ್ಕೆ ಕರ್ನಾಟಕದಲ್ಲೇ ಒಂದು ಒಳ್ಳೆಯ ಪಾಠವಿದೆ, ಅಜೈಲ್ ಹೆಸರನ್ನು ಎಲ್ಲೂ ಹಚ್ಚಿಕೊಳ್ಳದೆ ಭೂದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿದ ಯೋಜನೆ: ಭೂಮಿ. ನಮ್ಮ ಅಪ್ಪನ ಕಾಲದಲ್ಲಿ ಪಹಣಿ ಬೇಕೆಂದರೆ ಗ್ರಾಮ ಲೆಕ್ಕಿಗರನ್ನು ಹುಡುಕಬೇಕಿತ್ತು. ಅವರು ಸಿಕ್ಕರೆ ಪುಸ್ತಕ ಸಿಗಬೇಕು, ಪುಸ್ತಕ ಸಿಕ್ಕರೆ ಮನಸ್ಸು ಬರಬೇಕು. 1990ರ ದಶಕದ ಆರಂಭದಲ್ಲೇ ಕೇಂದ್ರದ ಹಣದಿಂದ ಆಗಿನ ಗುಲಬರ್ಗಾದಲ್ಲಿ ಭೂದಾಖಲೆಗಳ ಗಣಕೀಕರಣಕ್ಕೆ ಕೈಹಾಕಲಾಗಿತ್ತು. ಅದು ನೆಲೆ ನಿಲ್ಲಲಿಲ್ಲ. ದಾಖಲೆ ದಿನದಿನವೂ ಬದಲಾಗುವುದು ತಾಲ್ಲೂಕಿನಲ್ಲಿ, ಆದರೆ ಅಲ್ಲಿ ಕಂಪ್ಯೂಟರ್ ಇಡುವ ಏರ್ಪಾಡೇ ಆ ಯೋಜನೆಯಲ್ಲಿ ಇರಲಿಲ್ಲ. ಸಾಫ್ಟ್‌ವೇರ್ ಜಿಲ್ಲಾ ಕೇಂದ್ರದಲ್ಲಿ ಕೂತಿತು, ರೈತ ತಾಲ್ಲೂಕು ಕಚೇರಿಯ ಕಟ್ಟೆಯ ಮೇಲೆ ಕೂತ. ನಡುವಿನ ದೂರವೇ ಅದನ್ನು ಕೊಂದಿತು.

ದಶಕದ ಕೊನೆಗೆ ಕಂದಾಯ ಇಲಾಖೆಯ ಅಧಿಕಾರಿ ರಾಜೀವ್ ಚಾವ್ಲಾ ಮತ್ತು ರಾಷ್ಟ್ರೀಯ ಮಾಹಿತಿ ಕೇಂದ್ರದ ತಂತ್ರಜ್ಞರು ಮತ್ತೆ ಕೈಹಾಕಿದಾಗ ರಾಜ್ಯಕ್ಕೆಲ್ಲ ಒಂದೇ ಸಲ ಹರಡಲಿಲ್ಲ. ಮೊದಲು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ ನಡೆಸಿ ನೋಡಿದರು. ಪರದೆ ಕನ್ನಡದಲ್ಲಿ ಇರಬೇಕು, ಮ್ಯುಟೇಶನ್ ಅರ್ಜಿ ಬಂದ ಸರತಿಯಲ್ಲೇ ಇತ್ಯರ್ಥವಾಗಬೇಕು, ತಿದ್ದಿದವರು ಯಾರೆಂದು ಬೆರಳಚ್ಚಿನಿಂದ ಗೊತ್ತಾಗಬೇಕು. ಇಂಥ ಕಟ್ಟುಪಾಡುಗಳಿಗೆ ತಾಲ್ಲೂಕು ಕಚೇರಿಯ ಕೌಂಟರಿನ ಅನುಭವವೇ ಮೂಲ. ಬೆಂಗಳೂರಿನಲ್ಲಿ ಕೂತು ಅಗತ್ಯಗಳ ಪಟ್ಟಿ ಬರೆದಿದ್ದರೆ ಸರತಿ ತಪ್ಪಿಸುವುದು ಹೇಗೆ ಒಂದು ಆದಾಯವಾಗಿತ್ತು ಎಂಬುದು ಹೊಳೆಯುತ್ತಿತ್ತೆ? ಕೆಲವೇ ವರ್ಷದಲ್ಲಿ 177 ತಾಲ್ಲೂಕು, ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆ. ಆಗ ಹದಿನೈದು ರೂಪಾಯಿಗೆ ಮುದ್ರಿತ ಪಹಣಿ. ನರಸೀಪುರದ ತಾಲ್ಲೂಕು ಕಚೇರಿಯಿಂದ ಅಪ್ಪ ಮೊದಲ ಸಲ ಅದನ್ನು ಮಡಿಚದೆ ಹಿಡಿದುಕೊಂಡು ಬಂದದ್ದು ನನಗೆ ನೆನಪಿದೆ.

ಆದರೆ ಭೂಮಿಯ ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ಅದು ಸರ್ಕಾರಿ ಜಾಹೀರಾತು ಆಗುತ್ತದೆ. 2007ರಲ್ಲಿ ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಬೆಂಗಳೂರು ಸುತ್ತಿನ ಹಳ್ಳಿಗಳನ್ನು ಇಟ್ಟುಕೊಂಡು ಮಾಡಿದ ಅಧ್ಯಯನ ಬೇರೆಯದೇ ಮಾತು ಹೇಳಿತು. ದಾಖಲೆ ಒಂದು ಕಡೆ ಸೇರಿದ್ದರಿಂದ ಲಂಚ ಹೋಗಲಿಲ್ಲ, ಮೇಲಕ್ಕೆ ಹೋಯಿತು, ಮತ್ತು ಎಲ್ಲಿ ಯಾವ ಜಮೀನು ಯಾರದು ಎಂದು ತಿಳಿಯುವುದು ದೊಡ್ಡ ಭೂವ್ಯಾಪಾರಿಗಳಿಗೆ ಸುಲಭವಾಯಿತು ಎಂಬ ಆಕ್ಷೇಪ ಅದು. ಗಿರಾಕಿಯ ಹತ್ತಿರ ಹೋಗಿ ಎನ್ನುವ ಅಜೈಲ್ ಪಂಡಿತರು ಈ ತೊಡಕನ್ನು ಎದುರಿಸುವುದೇ ಇಲ್ಲ. ಯಾವ ಗಿರಾಕಿ? ಹಣ ಕೊಡುವವನೋ, ಬಳಸುವವನೋ, ಬಳಕೆಯ ಪರಿಣಾಮ ಉಣ್ಣುವವನೋ? ಸ್ಕ್ರಮ್ ತಂಡದಲ್ಲಿ ‘ಪ್ರಾಡಕ್ಟ್ ಓನರ್’ ಎಂಬ ಒಬ್ಬ ವ್ಯಕ್ತಿ ಇವರೆಲ್ಲರ ಪರವಾಗಿ ಮಾತಾಡಬೇಕು. ಬೆಂಗಳೂರಿನ ಸೇವಾ ಕಂಪನಿಗಳಲ್ಲಿ ಅವನು ಹೆಚ್ಚಾಗಿ ಗಿರಾಕಿಯ ಕಂಪನಿಯ ಮಧ್ಯಮ ದರ್ಜೆಯ ಅಧಿಕಾರಿ. ಅವನೂ ಬಳಸುವವನನ್ನು ಕಂಡಿರುವುದಿಲ್ಲ. ನಾವು ಅವನ ಮುಖವನ್ನು ರಾತ್ರಿ ಒಂಬತ್ತೂವರೆಗೆ ಪರದೆಯ ಮೇಲೆ ಅಂಗೈಯಗಲ ನೋಡುತ್ತೇವೆ, ಅದೂ ಅವನು ಕ್ಯಾಮೆರಾ ಹಾಕಿದ ದಿನ. ಎಂಟು ವರ್ಷ ಒಂದು ಆಸ್ಪತ್ರೆಗಳ ಸಾಫ್ಟ್‌ವೇರಿಗೆ ದುಡಿದ ನಾನು ಅದನ್ನು ಬಳಸುವ ಒಬ್ಬ ನರ್ಸನ್ನೂ ನೋಡಲಿಲ್ಲ. ಎರಡು ವಾರಕ್ಕೊಮ್ಮೆ ತೋರಿಸುತ್ತಿದ್ದೆವು, ಎರಡು ವಾರಕ್ಕೊಮ್ಮೆ ಚೆನ್ನಾಗಿದೆ ಎನ್ನುತ್ತಿದ್ದರು.

ಮ್ಯಾನೇಜರುಗಳ ಕಡೆಯ ಮಾತನ್ನೂ ಕೇಳಬೇಕು, ಏಕೆಂದರೆ ನಾನೂ ನಾಲ್ಕು ವರ್ಷ ಆ ಕುರ್ಚಿಯಲ್ಲಿ ಕೂತಿದ್ದೆ. ಏನನ್ನೂ ಅಳೆಯಬೇಡಿ, ನಮ್ಮನ್ನು ನಂಬಿ ಎಂದರೆ ಸಾಕೆ? ಸಾಲದು. ತಂಡದ ಸ್ವಂತ ಅನಿಸಿಕೆಯೂ ಮೋಸ ಮಾಡುತ್ತದೆ. 2025ರಲ್ಲಿ ಮೆಟರ್ ಎಂಬ ಸಂಸ್ಥೆ ಹದಿನಾರು ಮಂದಿ ಅನುಭವಿ ಪ್ರೋಗ್ರಾಮರುಗಳಿಗೆ ಅವರಿಗೆ ಚೆನ್ನಾಗಿ ಗೊತ್ತಿದ್ದ ಕೋಡಿನ ಮೇಲೆಯೇ ಕೃತಕ ಬುದ್ಧಿಮತ್ತೆಯ ಸಹಾಯ ಕೊಟ್ಟು ನೋಡಿತು. ಅವರಿಗೆ ತಾವು ಶೇಕಡ 20ರಷ್ಟು ಬೇಗ ಮುಗಿಸಿದೆವು ಎನಿಸಿತ್ತು. ಗಡಿಯಾರ ಹೇಳಿದ್ದು ಶೇಕಡ 19ರಷ್ಟು ತಡವಾಯಿತೆಂದು. ಹದಿನಾರು ಜನರ ಪ್ರಯೋಗದಿಂದ ಜಗತ್ತಿನ ತೀರ್ಮಾನ ಮಾಡಲಾಗದು, ಉಪಕರಣಗಳೂ ಬದಲಾಗುತ್ತಿವೆ. ಆದರೆ ಅನಿಸಿಕೆಗೂ ಗಡಿಯಾರಕ್ಕೂ ನಡುವೆ ಅಷ್ಟು ಅಂತರ ಇರಬಲ್ಲದು ಎಂಬುದನ್ನು ಅಲ್ಲಗಳೆಯಲಾಗದು. ಹಾಗಾಗಿ ಅಳತೆ ಬೇಕು. 2018ರಲ್ಲಿ ನಿಕೋಲ್ ಫೋರ್ಸ್‌ಗ್ರೆನ್ ಮತ್ತು ಜೊತೆಗಾರರು ಪುಸ್ತಕವಾಗಿ ತಂದ ನಾಲ್ಕು ಅಳತೆಗಳು ನನಗೆ ಒಪ್ಪಿತವಾದವು: ಎಷ್ಟು ಸಲ ಬಿಡುಗಡೆ ಮಾಡುತ್ತೀರಿ, ಬರೆದದ್ದು ಬಳಕೆದಾರನನ್ನು ತಲುಪಲು ಎಷ್ಟು ಹೊತ್ತು, ತಲುಪಿದ್ದರಲ್ಲಿ ಎಷ್ಟು ಕೆಡುತ್ತದೆ, ಕೆಟ್ಟರೆ ಎಷ್ಟು ಬೇಗ ಸರಿಯಾಗುತ್ತದೆ. ನಾಲ್ಕೂ ಇಡೀ ವ್ಯವಸ್ಥೆಯನ್ನು ಅಳೆಯುತ್ತವೆ, ಆಳನ್ನಲ್ಲ. ವೇಗದ ಎರಡಕ್ಕೆ ಗುಣದ ಎರಡು ಕಾವಲು ನಿಂತಿವೆ. ಎಕರೆಯ ಜೊತೆಗೆ ಕೊಯ್ಲಿನ ಚೀಲವನ್ನೂ ಎಣಿಸಿದಂತೆ. ಇವನ್ನೂ ಕೋಟಾ ಮಾಡಿ ಕೆಡಿಸಬಹುದು, ಕೆಡಿಸುತ್ತಿರುವವರನ್ನು ಕಂಡಿದ್ದೇನೆ. ಆದರೂ ಕೆಡಿಸುವುದು ತುಸು ಕಷ್ಟ.

ಎಲ್ಲ ಕೆಲಸಕ್ಕೂ ಎರಡು ವಾರದ ಕಂತು ಒಗ್ಗುತ್ತದೆ ಎಂಬ ಭ್ರಮೆಯೂ ಬೇಡ. ಕಬಿನಿ ಅಣೆಕಟ್ಟನ್ನು ಎರಡೆರಡು ವಾರಕ್ಕೆ ರೈತರಿಗೆ ತೋರಿಸಿ, ತಿದ್ದಿ, ಮತ್ತೆ ಕಟ್ಟಲಾಗುತ್ತಿರಲಿಲ್ಲ. ನಾಲೆಯ ನೀರನ್ನು ಗದ್ದೆಗದ್ದೆಗೆ ತಿರುಗಿಸುವ ನೀರುಗಂಟಿಯ ಕೆಲಸ ಮಾತ್ರ ದಿನದಿನವೂ ನೋಡಿ ತಿದ್ದಿಕೊಳ್ಳುವಂಥದು. ಯಾವುದು ಅಣೆಕಟ್ಟು, ಯಾವುದು ಮಡಿಗೆ ನೀರು ಎಂದು ಗುರುತಿಸುವುದರಲ್ಲೇ ಅರ್ಧ ಜಾಣತನವಿದೆ. ಮೂಗೂರಿನ ತ್ರಿಪುರಸುಂದರಿ ಅಮ್ಮನವರ ಜಾತ್ರೆಗೆ ಇನ್ನೊಂದು ಬಗೆಯ ಲೆಕ್ಕ. ತೇರಿನ ದಿನ ಮುಂದೆ ಹೋಗುವುದಿಲ್ಲ. ಹಾಗಾಗಿ ದುಡ್ಡು, ಜನ ಕಡಿಮೆಯಾದ ವರ್ಷ ಚಪ್ಪರ ಚಿಕ್ಕದಾಗುತ್ತದೆ, ದೀಪದ ಸರ ಕಡಿಮೆಯಾಗುತ್ತದೆ. ತೇರು ಎಳೆಯುವುದು ನಿಲ್ಲುವುದಿಲ್ಲ. ದಿನ ಗಟ್ಟಿ ಮಾಡಿದರೆ ಕೆಲಸದ ಹರವನ್ನು ಸಡಿಲ ಬಿಡಬೇಕು ಎಂಬ ಸ್ಕ್ರಮ್ ಪಾಠ ಇದೇ. ನಮ್ಮ ಕರಾರುಗಳಲ್ಲಿ ದಿನ, ಹರವು, ತಲೆಯ ಎಣಿಕೆ ಮೂರೂ ಗಟ್ಟಿ. ಸಡಿಲವಾಗಿ ಉಳಿಯುವುದು ರಾತ್ರಿ ಒಂದೇ.

ರಾತ್ರಿಯ ವಿಷಯ ಬಂತಾದ್ದರಿಂದ ಹೇಳುತ್ತೇನೆ. 2024ರ ಜುಲೈನಲ್ಲಿ ಐಟಿ ನೌಕರರ ದುಡಿಮೆಯ ಅವಧಿಯನ್ನು ದಿನಕ್ಕೆ ಹನ್ನೆರಡು ಗಂಟೆಗೂ ಮೀರಿ ಹಿಗ್ಗಿಸಬಹುದಾದ ಪ್ರಸ್ತಾವ ರಾಜ್ಯ ಸರ್ಕಾರದ ಮುಂದೆ ಬಂದು, ಕೆಐಟಿಯು ಎಂಬ ನೌಕರರ ಸಂಘ ಗಲಾಟೆ ಎಬ್ಬಿಸಿತು. ಅದಕ್ಕೂ ಹಿಂದಿನ ವರ್ಷ ವಾರಕ್ಕೆ ಎಪ್ಪತ್ತು ಗಂಟೆಯ ಮಾತು ಎದ್ದಿತ್ತು. ಅಜೈಲ್ ಪ್ರಣಾಳಿಕೆಯ ಹನ್ನೆರಡು ಸೂತ್ರಗಳಲ್ಲಿ ಒಂದು, ಎಷ್ಟು ಕಾಲವಾದರೂ ದಣಿಯದೆ ಸಾಗಬಲ್ಲ ವೇಗದಲ್ಲಿ ಕೆಲಸ ಮಾಡಬೇಕು ಎನ್ನುತ್ತದೆ. ತರಬೇತಿಯ ಸ್ಲೈಡುಗಳಲ್ಲಿ ಅದನ್ನು ಓದಿ ದಾಟಿಬಿಡುತ್ತಾರೆ. ತಡವಾದ ಯೋಜನೆಗೆ ಜನ ಸೇರಿಸಿದರೆ ಇನ್ನೂ ತಡವಾಗುತ್ತದೆ ಎಂದು ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದರು. ತಲೆಗೆ ಗಂಟೆ ಸೇರಿಸುವವರು ಅವರ ಪುಸ್ತಕವನ್ನು ಓದಿದ್ದಾರೆ ಎಂದು ನನಗನಿಸುವುದಿಲ್ಲ. ಗಂಟೆಯ ಲೆಕ್ಕದಲ್ಲಿ ಗಿರಾಕಿಗೆ ಬಿಲ್ಲು ಹಾಕುವ ಕಂಪನಿಗೆ ಬೇಗ ಮುಗಿಸುವ ತಂಡ ನಷ್ಟದ ಬಾಬತ್ತು ಎಂಬುದನ್ನೂ ಯಾರೋ ಒಬ್ಬರು ಜೋರಾಗಿ ಹೇಳಬೇಕು. ಕೂಲಿಯ ಬಿಲ್ಲು, ಗುತ್ತಿಗೆಯ ಅಂಕ: ಎರಡರ ಕೆಟ್ಟ ಗುಣಗಳನ್ನೂ ನಾವು ಒಂದೇ ಮನೆಗೆ ತಂದುಕೊಂಡಿದ್ದೇವೆ.

ನಾಟಿಗೆ ಮೂರನೆಯ ಒಂದು ರೀತಿ ಇತ್ತು, ಮುಯ್ಯಾಳು. ಇವತ್ತು ನಿಮ್ಮ ಗದ್ದೆಗೆ ನಾವು, ನಾಳಿದ್ದು ನಮ್ಮ ಗದ್ದೆಗೆ ನೀವು. ಅಲ್ಲಿ ಸಾಲು ಒತ್ತಾಗಿರುತ್ತಿತ್ತು, ಏಕೆಂದರೆ ನೆಟ್ಟವಳ ಗದ್ದೆಗೂ ಅದೇ ಕೈಗಳು ಬರಬೇಕಿತ್ತು. ನಾನು ಕಂಡ ಅತ್ಯುತ್ತಮ ತಂಡ ಹೀಗೇ ನಡೆಯುತ್ತಿತ್ತು. ಆರು ಜನ, ಒಬ್ಬರ ಕೋಡನ್ನು ಇನ್ನೊಬ್ಬರು ಓದದೆ ಮುಂದಕ್ಕೆ ಬಿಡುತ್ತಿರಲಿಲ್ಲ. ನಾನು ಓದದೆ ಸಹಿ ಹಾಕಿದರೆ ನಾಳೆ ಅದನ್ನು ಸರಿಪಡಿಸುವ ಸರದಿ ನನ್ನದೇ ಆಗಬಹುದಿತ್ತು. ವೆಲಾಸಿಟಿ ಎಷ್ಟೆಂದು ನಮಗೆ ಗೊತ್ತಿತ್ತು, ಮೇಲಿನವರಿಗೆ ಗೊತ್ತಿರಲಿಲ್ಲ. ಆಗಿನ ಮ್ಯಾನೇಜರ್ ಹೆಂಗಸು ಆ ಅಂಕಿಯನ್ನು ಕೇಳಿದವರಿಗೆಲ್ಲ ನಯವಾಗಿ ಬೇರೇನೋ ಕೊಟ್ಟು ಕಳಿಸುತ್ತಿದ್ದರು. ಅವರು ಹೋದ ಮೇಲೆ ತಂಡವನ್ನು ಒಡೆದು ಮೂರು ಯೋಜನೆಗಳಿಗೆ ಹಂಚಿದರು.

ಮುಯ್ಯಾಳು ವಾಪಸು ಬರುತ್ತ ಎಂದು ಚಿಕ್ಕಪ್ಪನನ್ನು ಕೇಳಿದರೆ ನಗುತ್ತಾರೆ. ಹೆಣ್ಣುಮಕ್ಕಳು ನಂಜನಗೂಡಿನ ಕಾರ್ಖಾನೆಗಳಿಗೆ, ಮೈಸೂರಿನ ಅಂಗಡಿಗಳಿಗೆ ಬಸ್ಸು ಹತ್ತುತ್ತಾರೆ. ಕೂಲಿಗೂ ಆಳಿಲ್ಲ, ಗುತ್ತಿಗೆಯೇ ಗತಿ. ಹೋದ ವರ್ಷ ಅವರೂ ಗುತ್ತಿಗೆಗೇ ಕೊಟ್ಟರು. ಆದರೆ ಬದುವಿನ ಮೇಲೆ ನಿಲ್ಲಲಿಲ್ಲ. ಪಂಚೆ ಎತ್ತಿ ಕಟ್ಟಿ ಕೆಸರಿಗಿಳಿದು ಸಸಿಯ ಕಂತೆಗಳನ್ನು ತಾವೇ ಎಸೆಯುತ್ತ ಹೋದರು. ಸಾಲು ಅಗಲವಾಗುತ್ತಿದೆಯಲ್ಲ ಎಂದು ಮಾತು ತೆಗೆದಾಗ ಗುಂಪಿನ ಮುಂದಾಳು ಹೆಂಗಸು ನಡು ನೆಟ್ಟಗೆ ಮಾಡಿಕೊಂಡು, ಒತ್ತಾಗಿ ನೆಡಬೇಕಾದರೆ ಹೊತ್ತು ಹಿಡಿಯುತ್ತದೆ, ಅದರ ದರವೇ ಬೇರೆ, ಮೊದಲೇ ಕೇಳಬೇಕಿತ್ತು ಎಂದಳು. ಎಕರೆಗೆ ಎಂಟುನೂರು ಜಾಸ್ತಿ ಕೇಳಿದಳು. ಮಧ್ಯಾಹ್ನದ ಊಟವನ್ನೂ ಸೇರಿಸಿ ಚಿಕ್ಕಪ್ಪ ಅವಳನ್ನು ಐನೂರಕ್ಕೆ ಒಪ್ಪಿಸಿದರು.